ಬೇಟೆಯ ಕೋವಿ ಮನೆ ಕಾಯಬಲ್ಲುದೆ?

ಸೆಪ್ಟೆಂಬರ್ ತಿಂಗಳ ಮೊದಲ ದಿನಗಳು. ಗದ್ದೆಗಳಲ್ಲಿ ನಾಟಿ ಮುಗಿದು ಪೈರು ಹಸುರೇರುತ್ತಿದೆ. ಮೂರು ತಿಂಗಳು ಎಡೆಬಿಡದೆ ಸುರಿದ ಮಳೆ ಈಗ ನಡುನಡುವೆ ನಿಂತು ಉಸಿರಾಡಿಕೊಳ್ಳುತ್ತಿದೆ. ಕೊಡಗಿನ ಹಳೆಯ ಮನೆಯೊಂದರ ಜಗಲಿಯಲ್ಲಿ ಚಾಪೆ ಹಾಸಿ, ಒಡಿಕತ್ತಿ ಪೀಚೆಕತ್ತಿಗಳ ಪಕ್ಕದಲ್ಲಿ ಜೋಡುನಳಿಗೆಯ ಕೋವಿಯೊಂದನ್ನು ಮಲಗಿಸಿದ್ದಾರೆ. ಮನೆಯ ಹಿರಿಯರು ಗಜದ ತುದಿಗೆ ಎಣ್ಣೆಬಟ್ಟೆ ಸುತ್ತಿ ನಳಿಗೆಯೊಳಗೆ ಆಡಿಸುತ್ತಾರೆ. ಹೊರತೆಗೆದ ಬಟ್ಟೆಯಲ್ಲಿ ತುಕ್ಕಿನ ಕೆಂಪು ಉಂಟೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಅದೆಲ್ಲ ಮುಗಿದ ಮೇಲೆ ಕೋವಿಗೆ ಗಂಧ ಹಚ್ಚಿ, ನಳಿಗೆಯ ಬಾಯಿಗೆ ಬೆಂಕಿಯ ನಾಲಗೆಯಂತಿರುವ ಕೆಂಪು ಹಳದಿಯ ಹೂವೊಂದನ್ನು ಸಿಕ್ಕಿಸುತ್ತಾರೆ. ಬೇರೆ ಕಡೆಗಳಲ್ಲಿ ಅದು ಅಗ್ನಿಶಿಖೆ, ಗೌರಿಹೂ. ಕೊಡವರ ಬಾಯಲ್ಲಿ ಮಾತ್ರ ಅದು ‘ತೋಕ್‌ಪೂ’, ಕೋವಿಯ ಹೂವು. ಅಂದು ಕೈಲ್‌ಪೊಳ್ದ್, ಆಯುಧಗಳ ಹಬ್ಬ.

ಹೂವು ಮುಡಿದ ಈ ಕೋವಿಯನ್ನು ಅಜ್ಜನ ಕಾಲದಲ್ಲಿ ತರಿಸಿದುದು ಬೇಟೆಗೆಂದು. ಕಾಡುಹಂದಿ, ಕಡವೆ, ಕಾಡುಕೋಳಿ ಇವೇ ಅದರ ಗುರಿಯಾಗಿದ್ದುವು. ಆ ಬೇಟೆ ಈಗಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ಇನ್ನೂ ದೂರದ ಊರುಗಳಲ್ಲೋ ಇದ್ದಾರೆ. ತೋಟದ ನಡುವಣ ದೊಡ್ಡ ಮನೆಯಲ್ಲಿ ಉಳಿದವರು ವಯಸ್ಸಾದ ಇಬ್ಬರು. ನೆರೆಮನೆಯೆಂದರೆ ಅರ್ಧ ಮೈಲಿಯ ಆಚೆ. ಕಣದಲ್ಲಿ ಒಣಗಿದ ಕಾಫಿ, ಕೋಣೆಯಲ್ಲಿ ಮೂಟೆ ಕಟ್ಟಿದ ಕರಿಮೆಣಸು. ಮೆಣಸಿಗೆ ಬೆಲೆ ಏರಿದ ವರ್ಷಗಳಲ್ಲಿ ಬಳ್ಳಿಯಲ್ಲಿರುವಾಗಲೇ ಅದು ಮಾಯವಾಗುವುದುಂಟು. ಹಬ್ಬಕ್ಕೆ ಬಂದ ಮಗ ಚಾಪೆಯ ಮೇಲಿನ ಕೋವಿಯನ್ನು ನೋಡಿ ಹೀಗೆ ಕೇಳಿದರೆ ಆಶ್ಚರ್ಯವೇನು: ‘ಅಪ್ಪ, ಇದರ ನಳಿಗೆ ಸ್ವಲ್ಪ ತುಂಡು ಮಾಡಿಸಿದರೆ ರಾತ್ರಿ ಕೈಗೆ ಹಗುರವಾಗುವುದಿಲ್ಲವೆ? ಮಂಚದ ಬಳಿಯೇ ಇಟ್ಟುಕೊಳ್ಳಬಹುದು.’

ಕೊಡಗಿನಲ್ಲಿ ಮಾತ್ರವಲ್ಲ, ಮಲೆನಾಡಿನ ಒಂಟಿಮನೆಗಳಲ್ಲೆಲ್ಲ ಏಳಬಹುದಾದ ಪ್ರಶ್ನೆಯಿದು. ಉತ್ತರ ಮಾತ್ರ ಕೇಳಿದಷ್ಟು ಸುಲಭವಲ್ಲ.

ಕೋವಿಯ ಹಕ್ಕು

ಕೊಡಗಿನ ಮನೆಮನೆಯಲ್ಲಿ ಕೋವಿ ಹೇಗೆ ಬಂದಿತೆಂಬುದನ್ನು ಮೊದಲು ಹೇಳಬೇಕು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರಕಾರ ಕೊಡಗನ್ನು ವಶಪಡಿಸಿಕೊಂಡಿತು. ಅರಸರ ಕಾಲದಿಂದಲೂ ಅಲ್ಲಿ ‘ಜಮ್ಮಾ’ ಎಂಬ ಭೂಮಿಯ ಪದ್ಧತಿಯಿತ್ತು. ಕರೆ ಬಂದಾಗ ಆಯುಧ ಹಿಡಿದು ಬರಬೇಕು, ಅದಕ್ಕೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಭೂಮಿಯನ್ನು ಅನುಭವಿಸಬೇಕು. ಆಯುಧವಿಲ್ಲದ ಜಮ್ಮಾ ಒಕ್ಕಲು ಎಂದರೆ ನೇಗಿಲಿಲ್ಲದ ರೈತನಂತೆಯೇ ಸರಿ. 1857ರ ದಂಗೆಯ ಬಳಿಕ ಬ್ರಿಟಿಷರು ದೇಶದ ಪ್ರಜೆಗಳಿಂದ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನನ್ನು ತಂದರಷ್ಟೆ. ಆಗ, 1861ರಲ್ಲಿ, ಮೈಸೂರು ಮತ್ತು ಕೊಡಗುಗಳ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಕೊಡಗರ ನಿಷ್ಠೆಯನ್ನೂ ಶೌರ್ಯವನ್ನೂ ಹೊಗಳಿ ಅವರನ್ನು ಆ ಕಾನೂನಿನಿಂದ ಹೊರಗಿಟ್ಟನು. ಹೊಗಳಿಕೆಯಲ್ಲಿ ರಾಜಕಾರಣವೂ ಇದ್ದಿರಬೇಕು. ಆದರೆ ವಿನಾಯಿತಿಯಂತೂ ಉಳಿದುಕೊಂಡಿತು.

ಸ್ವತಂತ್ರ ಭಾರತವೂ ಅದನ್ನು ಕೈಬಿಡಲಿಲ್ಲ. 1959ರ ಆಯುಧ ಕಾಯಿದೆ 1962ರಲ್ಲಿ ಜಾರಿಗೆ ಬಂದ ಮರುವರ್ಷವೇ ಕೇಂದ್ರ ಸರಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ಕಟ್ಟಳೆಯಿಂದ ವಿನಾಯಿತಿಯನ್ನು ಘೋಷಿಸಿತು. 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಲಾಯಿತು. ಒಂದು ಜನಾಂಗಕ್ಕೆ ಮಾತ್ರ ಇಂಥ ಹಕ್ಕೇಕೆ ಎಂಬ ಆಕ್ಷೇಪ ಕರ್ನಾಟಕದ ಉಚ್ಚ ನ್ಯಾಯಾಲಯದವರೆಗೂ ಹೋಯಿತು. 2021ರಲ್ಲಿ ನ್ಯಾಯಾಲಯ ಸರಕಾರದ ಆಜ್ಞೆಯನ್ನು ಎತ್ತಿಹಿಡಿಯಿತು.

ಹೊರಗಿನವರು ಈ ವಿನಾಯಿತಿಯನ್ನು ಕೇಳಿ, ಕೊಡಗಿನಲ್ಲಿ ಕೋವಿಗೆ ಕಾನೂನೇ ಇಲ್ಲವೆಂದು ಭಾವಿಸುವುದುಂಟು. ಅದು ತಪ್ಪು. ವಿನಾಯಿತಿ ಇರುವುದು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ. ಅದಕ್ಕೂ ಜಿಲ್ಲಾ ಕಚೇರಿಯ ವಿನಾಯಿತಿ ಪತ್ರ ಬೇಕು. ಕೋವಿಯನ್ನು ಮನಬಂದಂತೆ ಕತ್ತರಿಸುವುದಕ್ಕೆ ಯಾರಿಗೂ ವಿನಾಯಿತಿಯಿಲ್ಲ.

ಆ ಕೋವಿ ಮನೆಯಲ್ಲಿ ಬರಿಯ ಆಯುಧವಾಗಿ ಇದ್ದುದೂ ಅಲ್ಲ. ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಈಡು. ಆ ಶಿಶುವಿನ ಕೈಗೆ ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣ. ಸಾವಾದರೆ ಒಂದರ ಹಿಂದೆ ಒಂದರಂತೆ ಎರಡು ಈಡು. ಪುತ್ತರಿಯಲ್ಲಿ ಹೊಸ ತೆನೆಯನ್ನು ಕೊಯ್ಯುವಾಗ ಮತ್ತೆ ಈಡಿನ ಸದ್ದು. ಬೆಟ್ಟದಿಂದ ಬೆಟ್ಟಕ್ಕೆ ಮನೆಗಳು ಚದುರಿಹೋಗಿರುವ ನಾಡಿನಲ್ಲಿ ಕೋವಿಯೇ ಡಂಗುರ, ಅದೇ ತಂತಿ. ಆಚೆ ಬೆಟ್ಟದವರು ಎಣಿಸಿ ತಿಳಿದುಕೊಳ್ಳುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ, ಎಣಿಕೆಗೆ ಸಿಗದ ಸದ್ದು ಕೇಳಿದರೆ ನಾಲ್ಕು ಮಂದಿ ಪಂಜು ಹಿಡಿದು ಬರದಿರುತ್ತಿರಲಿಲ್ಲ. ಮನೆಗಾವಲಿನ ವಿಷಯದಲ್ಲಿ ಹಳೆಯ ಕೋವಿಯ ದೊಡ್ಡ ಬಲ ಅದರ ಚರೆಗಿಂತ ಈ ಸದ್ದಿನಲ್ಲಿದ್ದಿತೆಂದರೆ ಅತಿಶಯೋಕ್ತಿಯಾಗಲಾರದು.

ಬೇಟೆ ನಿಂತದ್ದು

ಬೇಟೆಯ ವೈಭವದ ಮಾತನ್ನು ಬೆಳೆಸಿದರೆ ಮುಗಿಯುವಂತಿಲ್ಲ. ಹಳು ಸೋವುವವರು ಒಂದು ಕಡೆಯಿಂದ ಕೂಗುತ್ತ ಬರುವುದು, ನಾಯಿಗಳ ಬೊಗಳು, ಪ್ರಾಣಿ ಹಾಯುವ ಕಂಡಿಗಳಲ್ಲಿ ಕೋವಿಯವರು ಬಿಲ್ಲಿಗೆ ಕುಳಿತಿರುವುದು, ಕೊನೆಗೆ ಮಾಂಸದ ಪಾಲಿನಲ್ಲಿ ನಾಯಿಯ ಪಾಲನ್ನೂ ಮರೆಯದಿರುವುದು. ಹುಲಿಯನ್ನು ಹೊಡೆದವನಿಗೆ ಕೊಡಗಿನಲ್ಲಿ ‘ನರಿ ಮಂಗಲ’ವೇ ಆಗುತ್ತಿತ್ತು. ಕೊಡವ ಭಾಷೆಯಲ್ಲಿ ನರಿಯೆಂದರೆ ಹುಲಿ. ಸತ್ತ ಹುಲಿಯ ಪಕ್ಕದಲ್ಲಿ ಬೇಟೆಗಾರನನ್ನು ಮದುವಣಿಗನಂತೆ ಕುಳ್ಳಿರಿಸಿ, ನೆಂಟರಿಷ್ಟರೆಲ್ಲ ಬಂದು ಮರ್ಯಾದೆ ಮಾಡುತ್ತಿದ್ದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆಲ್ಲದರ ಮೇಲೆ ತೆರೆಯೆಳೆಯಿತು. ಮೊದಮೊದಲು ಕೆಲವು ಪ್ರಾಣಿಗಳಿಗೆ ಬೇಟೆಯ ಲೈಸೆನ್ಸು ದೊರೆಯುವ ಸಂದಿಯೊಂದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅಪರಾಧವಲ್ಲವೆಂದು ಆ ಕಾಯಿದೆ ಹೇಳುತ್ತದೆ, ನಿಜ. ಆದರೆ ಗದ್ದೆಗಿಳಿದ ಆನೆಯ ಮೇಲೆ, ಬಾಳೆ ಮುರಿದ ಹಂದಿಯ ಮೇಲೆ ಚರೆ ಹಾರಿಸುವುದು ಆ ಮಾತಿನೊಳಗೆ ಬರುವುದಿಲ್ಲ. ಚರೆ ತಾಗಿ ಹುಣ್ಣಾದ ಆನೆ ಸಾಯುವ ಮೊದಲು ಯಾರ ಮನೆಯ ಬೇಲಿ ಮುರಿಯುವುದೋ, ಯಾವ ಕೂಲಿಯಾಳನ್ನು ಮೆಟ್ಟುವುದೋ ಹೇಳಬಲ್ಲವರಾರು?

ಹೀಗೆ ಕೋವಿಗೆ ಕಾಡು ತಪ್ಪಿತು, ಮನೆಯೊಂದೇ ಉಳಿಯಿತು. ಮಲೆನಾಡಿನ ಉಳಿದ ಭಾಗಗಳಲ್ಲಿಯೂ ಕತೆ ಸರಿಸುಮಾರು ಇದೇ. ಅಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ, ತುಸು ಅನುಕೂಲಸ್ಥರಲ್ಲಿ ತೋಟಾ ಹಾಕುವ ಕೋವಿ. ಕಾಯಿದೆಯೂ ಈ ಭೇದವನ್ನು ಒಪ್ಪಿಕೊಂಡಿದೆ. ಬೆಳೆ ಕಾಯುವುದಕ್ಕೆ ಕೇಪಿನ ಕೋವಿ. ಆತ್ಮರಕ್ಷಣೆಗೆ ಇಲ್ಲವೆ ಆಟಕ್ಕೆ, ನಳಿಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪುನಳಿಗೆಯ ಕೋವಿ. ಈ 20 ಅಂಗುಲವೆಂಬ ಅಳತೆಯನ್ನು ನೆನಪಿನಲ್ಲಿಡಬೇಕು. ಮಗನ ಪ್ರಶ್ನೆಗೆ ಉತ್ತರ ಆರಂಭವಾಗುವುದು ಅಲ್ಲಿಂದಲೇ.

ನಾಲ್ಕು ಅಡಿಯ ಅತಿಥಿ

ಬೇಟೆಯ ಕೋವಿ ಎಂದರೆ ಸಾಮಾನ್ಯವಾಗಿ ಹನ್ನೆರಡು ಬೋರಿನದು. ಬೋರಿನ ಲೆಕ್ಕ ವಿಚಿತ್ರವಾದುದು. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಮಾಡಿದರೆ ಒಂದೊಂದು ಗುಂಡಿನ ದಪ್ಪ ಎಷ್ಟೋ ನಳಿಗೆಯ ಒಳಹರವು ಅಷ್ಟು. ಸುಮಾರು ಹದಿನೆಂಟೂವರೆ ಮಿಲಿಮೀಟರು. ಹದಿನಾರು ಬೋರೆಂದರೆ ಹದಿನಾರು ಗುಂಡು, ಆದುದರಿಂದ ನಳಿಗೆ ಸಣ್ಣದು. ಅಂಕಿ ದೊಡ್ಡದಾದಷ್ಟೂ ಕೋವಿ ಕಿರಿದಾಗುವ ಈ ಲೆಕ್ಕ ಹೊಸಬರನ್ನು ಇಂದಿಗೂ ಗಲಿಬಿಲಿಗೊಳಿಸುತ್ತದೆ.

ಹಾರುವ ಕಾಡುಕೋಳಿಯನ್ನು ಹಿಂಬಾಲಿಸಿ ಹೊಡೆಯಲು ನೀಳವಾದ ನಳಿಗೆ ಬೇಕು. ಅದಕ್ಕಾಗಿ ಹಳೆಯ ಕೋವಿಗಳ ನಳಿಗೆ 28, 30 ಅಂಗುಲ ಇರುತ್ತದೆ. ಹೆಗಲಿಗೊರಗುವ ಮರವೂ ಸೇರಿದರೆ ಹೆಚ್ಚುಕಡಿಮೆ ನಾಲ್ಕು ಅಡಿ. ಕಾಡಿನ ಕಂಡಿಯಲ್ಲಿ ಇದು ಸೊಗಸು. ಆದರೆ ನಡುರಾತ್ರಿಯಲ್ಲಿ, ವಿದ್ಯುತ್ತು ಹೋದಾಗ, ಮಂಚದಿಂದೆದ್ದು ತಗ್ಗಿನ ಬಾಗಿಲುಗಳ ಹಳೆಯ ಮನೆಯಲ್ಲಿ ಇದನ್ನು ಹಿಡಿದು ತಿರುಗುವವನ ಅವಸ್ಥೆ ನೋಡಬೇಕು! ಕೋವಿ ಮೊದಲು ಬಾಗಿಲ ಚೌಕಟ್ಟಿಗೆ ಬಡಿಯುತ್ತದೆ, ಆಮೇಲೆ ತೂಗುದೀಪಕ್ಕೆ. ಹೊರಗಿನವನಿಗೆ ಮನೆಯೊಡೆಯನಿಗಿಂತ ಮೊದಲು ಕೋವಿಯ ಮೂತಿ ಕಾಣುತ್ತದೆ. ಆತ ಅದನ್ನು ಹಿಡಿದು ಜಗ್ಗಿದರೆ ಮುದುಕರ ಗತಿಯೇನು?

ಆದುದರಿಂದ ತುಂಡು ಮಾಡಿಸುವ ಯೋಚನೆ ಮೂರ್ಖತನದ್ದೇನಲ್ಲ. ಅಮೆರಿಕದಲ್ಲಿ ಹಳೆಯ ಬೇಟೆಯ ಕೋವಿಗೆ ಗಿಡ್ಡ ನಳಿಗೆ ಹಾಕಿಸಿ ಮನೆಯಲ್ಲಿಟ್ಟುಕೊಳ್ಳುವ ಪದ್ಧತಿಯುಂಟು. ಅಲ್ಲಿಯ ಕಾನೂನು 18 ಅಂಗುಲದವರೆಗೆ ಅದನ್ನು ಸಹಿಸುತ್ತದೆ. ಇಂಗ್ಲೆಂಡಿನಲ್ಲಿ 24 ಅಂಗುಲಕ್ಕಿಂತ ಇಳಿಯುವಂತಿಲ್ಲ. ನಮ್ಮಲ್ಲಿಯಾದರೋ ಇಂತಿಷ್ಟು ಅಂಗುಲ ಉಳಿಸಿ ಮಿಕ್ಕದ್ದನ್ನು ಕತ್ತರಿಸಿಕೊಳ್ಳಿರೆಂಬ ಮಾತೇ ಇಲ್ಲ. ಅದಕ್ಕೆಂದೇ ಲೈಸೆನ್ಸು ಪಡೆಯದೆ ಯಾವುದೇ ಕೋವಿಯ ನಳಿಗೆಯನ್ನು ಕಿರಿದುಗೊಳಿಸಬಾರದೆಂದು ಆಯುಧ ಕಾಯಿದೆಯ ಆರನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಊರ ಆಚಾರಿಯ ಗರಗಸಕ್ಕೆ ನಳಿಗೆ ಕೊಟ್ಟ ಮನೆಯೊಡೆಯ ಕಳ್ಳನ ಭಯದಿಂದ ತಾನೇ ಅಪರಾಧಿಯಾಗುತ್ತಾನೆ. 20 ಅಂಗುಲದ ಕೆಳಕ್ಕೆ ಇಳಿದರಂತೂ, ಸಾಮಾನ್ಯ ಪ್ರಜೆ ಇಟ್ಟುಕೊಳ್ಳಬಹುದಾದ ಕೋವಿಗಳ ವರ್ಗದಿಂದಲೇ ಅದು ಹೊರಬೀಳುತ್ತದೆ.

ಕಾನೂನನ್ನು ಒಂದು ಗಳಿಗೆ ಬದಿಗಿಟ್ಟು ಕಬ್ಬಿಣದ ಮಾತನ್ನಷ್ಟೇ ಕೇಳಿದರೂ ಗರಗಸ ಸೋಲುತ್ತದೆ. ಜೋಡುನಳಿಗೆಯೆಂದರೆ ಎರಡು ಕೊಳವೆಗಳನ್ನು ಸಮಾನಾಂತರವಾಗಿ ಕಟ್ಟಿದ್ದಲ್ಲ. ಸುಮಾರು ನಲವತ್ತು ಗಜ ದೂರದಲ್ಲಿ ಎರಡರ ಈಡೂ ಒಂದೇ ಕಡೆ ಬೀಳುವಂತೆ ಅವನ್ನು ತುಸುವೇ ಓರೆಯಾಗಿಸಿ, ನಡುವೆ ಪಟ್ಟಿಗಳನ್ನಿಟ್ಟು ಬೆಸುಗೆ ಹಾಕಿರುತ್ತಾರೆ. ಕತ್ತರಿಸಿದ ಕಡೆ ಬೆಸುಗೆ ಬಾಯಿಬಿಡುತ್ತದೆ. ಅದರೊಳಕ್ಕೆ ಕೊಡಗಿನ ಮಳೆಗಾಲ ಇಳಿಯುತ್ತದೆ. ಮೇಲಾಗಿ ನಳಿಗೆಯ ತುದಿಯ ಎರಡು ಮೂರು ಅಂಗುಲಗಳಲ್ಲಿ ಕೂದಲೆಳೆಯಷ್ಟು ಬಿಗಿತ ಇಟ್ಟಿರುತ್ತಾರೆ. ಇದನ್ನೇ ‘ಚೋಕು’ ಎನ್ನುವುದು. ಪೂರ್ಣ ಚೋಕೆಂದರೂ ಸುಮಾರು ಒಂದು ಮಿಲಿಮೀಟರಿನಷ್ಟೇ. ಆ ಒಂದು ಮಿಲಿಮೀಟರಿನ ಮಹಿಮೆಯಿಂದ ನಲವತ್ತು ಗಜದಾಚೆ ಮೂವತ್ತಂಗುಲದ ವೃತ್ತದೊಳಗೆ ನೂರಕ್ಕೆ ಎಪ್ಪತ್ತರಷ್ಟು ಚರೆಗಳು ಬೀಳುತ್ತವೆ, ಅದಿಲ್ಲದಿದ್ದರೆ ನಲವತ್ತರಷ್ಟು. ಅಜ್ಜ ಹಣ ಕೊಟ್ಟುದು ಮುಖ್ಯವಾಗಿ ಆ ತುದಿಗೆ. ಮೊಮ್ಮಗ ಮೊದಲು ಕತ್ತರಿಸಹೊರಡುವುದೂ ಅದನ್ನೇ!

ಇನ್ನೊಂದು ಭ್ರಮೆಯನ್ನೂ ಇಲ್ಲಿಯೇ ಕಳೆಯಬೇಕು. ಚರೆಕೋವಿಗೆ ಗುರಿ ಬೇಕಿಲ್ಲ, ಬಾಗಿಲಿನತ್ತ ತಿರುಗಿಸಿ ಹಾರಿಸಿದರೆ ಬಾಗಿಲಗಲಕ್ಕೂ ಚರೆ ಹರಡುತ್ತದೆ ಎಂದು ನಂಬಿದವರು ಬಹಳ ಮಂದಿ. ಚರೆ ಹರಡುವುದು ದೂರ ಹೋದಂತೆ, ಗಜಕ್ಕೆ ಒಂದಂಗುಲದ ಆಸುಪಾಸಿನಲ್ಲಿ. ಐದು ಗಜದ ಕೋಣೆಯಲ್ಲಿ ಅದರ ಗುರುತು ಅಂಗೈಯಗಲವನ್ನು ಮೀರುವುದಿಲ್ಲ. ಅಷ್ಟು ಹತ್ತಿರದಲ್ಲಿ ಹಕ್ಕಿಯ ಚರೆಯೂ ಒಂದೇ ಮುದ್ದೆಯಾಗಿ ಹೊಡೆಯುತ್ತದೆ. ಆರನೆಯ ನಂಬರಿನ ತೋಟಾದಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಇನ್ನೂರೈವತ್ತಕ್ಕೂ ಮಿಕ್ಕ ಚರೆಗಳು, ಎಲ್‌.ಜಿ. ತೋಟಾದಲ್ಲಿ ಕಡಲೆಗಾತ್ರದ ಆರೇಳು ಗುಂಡುಗಳು. ಎಲ್‌.ಜಿ. ಗುಂಡು ಹಲಗೆಯ ಅಡ್ಡಗೋಡೆಯಲ್ಲಿ ನಿಲ್ಲುವುದಿಲ್ಲ. ಆಚೆಯ ಕೋಣೆಯಲ್ಲಿ ಯಾರು ಮಲಗಿದ್ದಾರೆಂಬುದನ್ನು ಅದು ಕೇಳುವುದೂ ಇಲ್ಲ.

ನಳಿಗೆಯೊಳಗಿನ ಶತ್ರು

ಹಾಗಾದರೆ ಅಜ್ಜನ ಕೋವಿ ಇದ್ದಂತೆಯೇ ಇರಲಿ ಎಂದುಕೊಂಡರೂ ಮತ್ತೊಂದು ಪ್ರಶ್ನೆ ಉಳಿಯುತ್ತದೆ. ಅದು ಹಾರಿಸಲು ಯೋಗ್ಯವೆ? ವರ್ಷಕ್ಕೊಮ್ಮೆ ಎಣ್ಣೆ ಕಂಡ ಕೋವಿ, ಇಪ್ಪತ್ತು ವರ್ಷ ಸದ್ದು ಮಾಡದ ಕೋವಿ, ಒಂದು ಭಯದ ರಾತ್ರಿಯಲ್ಲಿ ಎದುರಿಗಿದ್ದವನಿಗಿಂತ ಹಿಡಿದವನಿಗೇ ಹೆಚ್ಚು ಅಪಾಯವಾಗಬಹುದು.

ಹಳೆಯ ವಿಲಾಯತಿ ಕೋವಿಗಳಲ್ಲಿ ಕೆಲವಕ್ಕೆ ನಳಿಗೆಯ ಮೈಮೇಲೆ ನೀರಿನ ಅಲೆಯಂತೆ, ಹಾವಿನ ಪೊರೆಯಂತೆ ಸುಂದರವಾದ ಚಿತ್ತಾರ ಇರುತ್ತದೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಬಡಿದು ಮಾಡಿದ ಈ ನಳಿಗೆಗೆ ‘ಡಮಾಸ್ಕಸ್’ ಎಂದು ಹೆಸರು. ಕಣ್ಣಿಗೆ ಇಷ್ಟು ಚೆಲುವಾದ ಕೋವಿ ಮತ್ತೊಂದಿಲ್ಲ. ಆದರೆ ಅದನ್ನು ಮಾಡಿದುದು ಹೊಗೆಯುಗುಳುವ ಕರಿಮದ್ದಿನ ಕಾಲಕ್ಕೆ. ಈಗಿನ ತೋಟಾಗಳಲ್ಲಿರುವುದು ಹೊಗೆಯಿಲ್ಲದ ಮದ್ದು. ಅದರ ಒತ್ತಡದ ರೀತಿಯೇ ಬೇರೆ. ಸುತ್ತಿದ ಪಟ್ಟಿಗಳ ನಡುವೆ ಒಳಗೊಳಗೇ ತುಕ್ಕು ಹಿಡಿದ ಡಮಾಸ್ಕಸ್ ನಳಿಗೆಗೆ ಹೊಸ ತೋಟಾ ತುಂಬುವುದೆಂದರೆ, ನಳಿಗೆಯ ಕೆಳಗೆ ಹಿಡಿದ ಎಡಗೈಯನ್ನು ಪಣಕ್ಕಿಟ್ಟಂತೆ.

ಇಂಥ ಕೋವಿಯ ಜಾತಕ ಅದರ ಮೈಮೇಲೆಯೇ ಬರೆದಿರುತ್ತದೆ. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳ ಪರೀಕ್ಷಾಶಾಲೆಗಳು ಪ್ರತಿಯೊಂದು ಕೋವಿಯನ್ನೂ ಹೆಚ್ಚಿನ ಮದ್ದಿನಿಂದ ಹಾರಿಸಿ ನೋಡಿ, ಉಳಿದುಕೊಂಡುದಕ್ಕೆ ಮುದ್ರೆ ಒತ್ತುತ್ತಿದ್ದುವು. ನಳಿಗೆಯನ್ನು ಬಿಚ್ಚಿ ಅಡಿಮೈ ನೋಡಿದರೆ ಕಿರೀಟದ ಗುರುತಿನ ಸುತ್ತ ಆ ಅಕ್ಷರಗಳು ಕಾಣುತ್ತವೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಿಂದ ಬಂದ ‘ಎನ್‌.ಪಿ.’ ಮುದ್ರೆಯಿದ್ದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆಯೆಂದು ಅರ್ಥ. ‘ನಾಟ್ ಫಾರ್ ಬಾಲ್’ ಎಂದು ಕೊರೆದಿದ್ದರೆ ಅದು 1875ರಿಂದ 1887ರ ನಡುವಣ ಚೋಕು ನಳಿಗೆ. ಒಂಟಿಗುಂಡು ತುಂಬಬೇಡ ಎಂಬ ಎಚ್ಚರಿಕೆ. ತೋಟಾ ಕೂರುವ ಗೂಡಿನ ಉದ್ದವೂ ಬೇರೆಬೇರೆ. ಹಳೆಯವು ಎರಡೂವರೆ ಅಂಗುಲದವು; ಈಗಿನ ಎರಡೂಮುಕ್ಕಾಲು ಅಂಗುಲದ ತೋಟಾ ಅದರೊಳಗೆ ಸರಾಗವಾಗಿ ಹೋಗಿ ಕುಳಿತುಬಿಡುತ್ತದೆ. ಮೋಸವಿರುವುದು ಅಲ್ಲಿಯೇ. ಹಾರಿದಾಗ ತೋಟಾದ ಬಾಯಿ ಬಿಚ್ಚಿಕೊಳ್ಳಲು ಎಡೆಯಿಲ್ಲದೆ ಒತ್ತಡ ಒಮ್ಮೆಲೇ ಏರುತ್ತದೆ.

ಹಳಬರಿಗೆ ಮುದ್ರೆಗಳನ್ನು ಓದಲು ಬಾರದಿದ್ದರೂ ಕಿವಿಯಿತ್ತು. ನಳಿಗೆಯ ಜೋಡಿಯನ್ನು ಬಿಚ್ಚಿ ಅದರ ಕೊಕ್ಕೆಯಿಂದ ತೂಗಹಾಕಿ ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ದೇವಸ್ಥಾನದ ಗಂಟೆಯಂತೆ ಉದ್ದಕ್ಕೆ ನಾದ ಬಂದರೆ ಬೆಸುಗೆ ಗಟ್ಟಿ. ಒಡೆದ ಮಡಕೆಯಂತೆ ‘ಡಬ್’ ಎಂದರೆ ನಡುವಣ ಪಟ್ಟಿ ಸಡಿಲವಾಗಿದೆ. ಕೋವಿಯನ್ನು ಮುಚ್ಚಿ ಬೆಳಕಿಗೆ ಹಿಡಿದಾಗ ನಳಿಗೆಯ ಬುಡಕ್ಕೂ ಹಿಂಗೋಡೆಗೂ ನಡುವೆ ಬೆಳಕಿನ ಗೆರೆ ಕಂಡರೆ ಕೀಲು ಸವೆದಿದೆ. ಇಷ್ಟನ್ನು ಮನೆಯವರು ನೋಡಬಹುದು. ಮುಂದಿನ ಮಾತು ಲೈಸೆನ್ಸು ಪಡೆದ ಕೋವಿ ರಿಪೇರಿಯವರದು. ಅವರು ಅಳೆದು ‘ಇದು ಗೋಡೆಗೆ ಮಾತ್ರ’ ಎಂದರೆ ಆ ಮಾತಿಗೆ ಎದುರಾಡಬಾರದು.

ಕೊಡಗಿನ ಮಳೆಗಾಲ ಬೇರೆ ಇದೆಯಷ್ಟೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರು ಮೀರುವ ಮಳೆ. ಕಾಗದದ ತೋಟಾಗಳ ಕಾಲದಲ್ಲಿ ಆಷಾಢದ ಹೊತ್ತಿಗೆ ಅವು ಉಬ್ಬಿ ಗೂಡಿನೊಳಕ್ಕೇ ಹೋಗುತ್ತಿರಲಿಲ್ಲ. ಪ್ಲಾಸ್ಟಿಕ್ಕಿನವು ಬಂದ ಮೇಲೆ ಆ ಕಷ್ಟ ತಪ್ಪಿದರೂ, ಒಳಗಿನ ಮದ್ದಿಗೆ ತೇವ ಹಿಡಿಯುವುದು ತಪ್ಪಿಲ್ಲ. ಕುದುರೆ ಬಿದ್ದು ‘ಟಕ್’ ಎಂದು ಸುಮ್ಮನಾದ ತೋಟಾ ಒಂದೆರಡು ಕ್ಷಣ ತಡೆದು ಹಾರಿದ್ದುಂಟು. ಆ ಹೊತ್ತಿಗೆ ಅವಸರದವನು ಕೋವಿ ತೆರೆದಿದ್ದರೆ ಮುಗಿಯಿತು. ಇನ್ನು ಕಣಜ. ಗೋಡೆಯಲ್ಲಿ ತೂಗಿದ ಕೋವಿಯ ಬಾಯಿ ಈ ಕೀಟಕ್ಕೆ ಹೇಳಿಮಾಡಿಸಿದ ಬಿಲ. ನಾಲ್ಕೇ ದಿನಗಳಲ್ಲಿ ಮಣ್ಣು ಮೆತ್ತಿ, ಹುಳು ತುಂಬಿ, ಮೊಟ್ಟೆಯಿಟ್ಟು ಬಾಯಿ ಮುಚ್ಚಿಬಿಡುತ್ತದೆ. ಹಾಗೆ ಮುಚ್ಚಿದ ನಳಿಗೆಯಲ್ಲಿ ಈಡು ಹಾರಿದರೆ ನಳಿಗೆ ಬಾಳೆಯ ಸಿಪ್ಪೆಯಂತೆ ಸುಲಿದುಕೊಳ್ಳುತ್ತದೆ. ಹಬ್ಬದ ದಿನ ನಳಿಗೆಯೊಳಗೆ ಗಜವಾಡಿಸುವ ಪದ್ಧತಿ ಕಟ್ಟಿದವರಿಗೆ ಕಣಜದ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ನಿಜವಾದ ಮಾರ್ಪಾಡು

ಕೋವಿಯನ್ನು ಬೇಟೆಯಿಂದ ಮನೆಗೆ ತರುವುದೆಂದರೆ ಬದಲಾಗಬೇಕಾದುದು ಕಬ್ಬಿಣವಲ್ಲ, ಅದರ ಸುತ್ತಲಿನ ಅಭ್ಯಾಸ. ಕಡವೆಯ ಕೊಂಬಿನ ಮೇಲೆ ಎಲ್ಲರಿಗೂ ಕಾಣುವಂತೆ ಕೋವಿಯನ್ನು ತೂಗುಹಾಕುವುದು ಬೇಟೆಯ ಕಾಲದ ಠೀವಿ. ಮನೆಗೆ ಯಾರು ಬಂದರೂ, ತೋಟಕ್ಕೆ ಹೊಸ ಆಳು ಬಂದರೂ, ‘ಈ ಮನೆಯಲ್ಲಿ ಕೋವಿಯುಂಟು, ಇಲ್ಲಿಯೇ ಉಂಟು’ ಎಂದು ಅದು ಸಾರುತ್ತಿರುತ್ತದೆ. ಒಡೆಯನಿಲ್ಲದಾಗ ಬಂದ ಕಳ್ಳ ಮೊದಲು ಒಯ್ಯುವುದು ಅದನ್ನೇ. ಆಮೇಲೆ ಪೊಲೀಸರಿಗೆ ಉತ್ತರ ಹೇಳಬೇಕಾದವನು ಒಡೆಯ. ಆದುದರಿಂದ ಗೋಡೆಗೆ ಮೊಳೆಹೊಡೆದು ನಿಲ್ಲಿಸಿದ ಬೀಗದ ಕಬ್ಬಿಣದ ಕಪಾಟು, ಕೋವಿ ಅದರಲ್ಲಿ, ತೋಟಾ ಬೇರೆ ಬೀಗದಲ್ಲಿ, ಬೀಗದ ಕೈ ಒಡೆಯನ ಸೊಂಟದಲ್ಲಿ.

ಇದನ್ನು ಕೇಳಿ ಮಗ ನಗಬಹುದು. ‘ಕಳ್ಳ ಬಂದಾಗ ಎರಡು ಬೀಗ ತೆರೆಯುವಷ್ಟರಲ್ಲಿ ಬೆಳಗಾಗುತ್ತದೆ!’ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ರಜೆಗೆ ಬರುವ ಮೊಮ್ಮಕ್ಕಳು ವರ್ಷಕ್ಕೆ ಎರಡು ಮೂರು ಸಲ ಆ ಮನೆಯಲ್ಲಿ ಓಡಾಡುತ್ತಾರೆ; ಕಳ್ಳ ಬರುವುದು ಬಹುಶಃ ಒಂದು ಜೀವಮಾನದಲ್ಲಿ ಒಮ್ಮೆ. ಮಂಚದ ಪಕ್ಕದಲ್ಲಿ ತುಂಬಿಟ್ಟ ಕೋವಿಗೆ ಈ ಇಬ್ಬರಲ್ಲಿ ಭೇದ ತಿಳಿಯದು. ಹೊರಗೆ ಕುದುರೆಗಳಿರುವ ಹಳೆಯ ಮಾದರಿಯ ಕೋವಿಯಾದರೆ ಅದು ಮೇಲೆತ್ತಿದೆಯೋ ಇಳಿಸಿದೆಯೋ ಎಂಬುದು ಕಣ್ಣಿಗಾದರೂ ಕಾಣುತ್ತದೆ. ಆದರೆ ಇಳಿಸುವಾಗ ಬೆವರಿದ ಹೆಬ್ಬೆರಳು ಜಾರಿತೆಂದರೆ ಈಡು ಹಾರಿದಂತೆಯೇ.

ಬೆಳಕಿನ ಮಾತೂ ಇದೆ. ಮಲೆನಾಡಿನಲ್ಲಿ ಹಂದಿಯೆಂದು ತಿಳಿದು ಜೊತೆಗಾರನನ್ನೇ ಹೊಡೆದ ದುರಂತಗಳ ಸುದ್ದಿ ಪತ್ರಿಕೆಗಳಲ್ಲಿ ಬಂದೇ ಬರುತ್ತಿತ್ತು, ಇಂದಿಗೂ ನಿಂತಿಲ್ಲ. ಹಳು ಅಲುಗಿತು, ಕೈ ಅವಸರಪಟ್ಟಿತು. ಮನೆಯೊಳಗೂ ಅದೇ ಕತ್ತಲು, ಅದೇ ಅವಸರ. ಹಿತ್ತಿಲ ಬಾಗಿಲಲ್ಲಿ ಕಂಡ ನೆರಳು ಕಡೆಯ ಬಸ್ಸು ತಪ್ಪಿ ನಡೆದುಬಂದ ಮಗನದೂ ಆಗಿರಬಹುದು. ಕುಡಿದು ದಾರಿ ತಪ್ಪಿದ ಆಳಿನದೂ ಆಗಿರಬಹುದು. ಹೀಗಿರುವಾಗ ಮನೆಗಾವಲಿಗೆ ಕೋವಿಗಿಂತ ಮೊದಲು ಬೇಕಾದುದು ಒಳ್ಳೆಯ ಟಾರ್ಚು, ಅಂಗಳಕ್ಕೊಂದು ದೀಪ, ಮತ್ತು ‘ಯಾರದು?’ ಎಂದು ಕೇಳುವ ಗಂಟಲು. ನಾಯಿಯನ್ನೂ ಇದಕ್ಕೆ ಸೇರಿಸಬೇಕು. ಲೈಸೆನ್ಸು ಬೇಡ, ತುಕ್ಕು ಹಿಡಿಯುವುದಿಲ್ಲ, ಮಗನನ್ನೂ ಕಳ್ಳನನ್ನೂ ಕತ್ತಲಲ್ಲಿಯೂ ಬೇರೆ ಮಾಡಿ ತಿಳಿಯುತ್ತದೆ!

ಕಾನೂನು ಮನೆಯೊಡೆಯನನ್ನು ಕೈಕಟ್ಟಿ ಕುಳ್ಳಿರಿಸುವುದಿಲ್ಲ. ತನ್ನ ಮತ್ತು ಪರರ ದೇಹವನ್ನೂ ಸ್ವತ್ತನ್ನೂ ಕಾಪಾಡಿಕೊಳ್ಳುವ ಹಕ್ಕನ್ನು ಹಳೆಯ ದಂಡಸಂಹಿತೆ ಕೊಟ್ಟಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಸುಲಿಗೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮನೆಯೊಡೆದು ನುಗ್ಗುವುದು, ವಾಸದ ಮನೆಗೆ ಬೆಂಕಿಯಿಡುವುದು, ಪ್ರಾಣಭಯ ಹುಟ್ಟಿಸುವಂಥ ಕಳವು, ಇಂಥ ಸಂದರ್ಭಗಳಲ್ಲಿ ಆ ಹಕ್ಕು ಎದುರಾಳಿಯ ಸಾವಿನವರೆಗೂ ವಿಸ್ತರಿಸಬಹುದು. ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡಬಾರದು. ಪೊಲೀಸರ ನೆರವು ಪಡೆಯಲು ಕಾಲಾವಕಾಶವಿದ್ದರೆ ಆ ಹಕ್ಕೇ ಇಲ್ಲ. ಮೆಣಸಿನ ಚೀಲ ಹೊತ್ತು ಬೇಲಿಯತ್ತ ಓಡುತ್ತಿರುವವನ ಬೆನ್ನಿಗೆ ಹಾರಿಸಿದ ಈಡನ್ನು ಯಾವ ವಕೀಲನೂ ಸುಲಭವಾಗಿ ಸಮರ್ಥಿಸಲಾರನು. ಆ ಚೀಲದ ಬೆಲೆ ಎಷ್ಟೇ ಏರಿರಲಿ, ನ್ಯಾಯಾಲಯದ ಮೆಟ್ಟಿಲು ಸವೆಸಿದ ವರ್ಷಗಳಿಗೆ ಅದು ಸಮನಾಗುವುದಿಲ್ಲ.

ಹಾಗೆಂದು ಕೋವಿಯನ್ನು ಮಾರಿಬಿಡಬೇಕೆ? ಕೊಡಗಿನ ಮನೆಯಲ್ಲಿ ಅಂಥ ಸಲಹೆ ಕೊಟ್ಟವನಿಗೆ ಹಬ್ಬದ ಕಡುಂಬುಟ್ಟು ದೊರೆಯುವುದು ಅನುಮಾನ! ಮಗನೇ ಅದಕ್ಕೆ ಒಪ್ಪಲಾರನು. ಪರೀಕ್ಷೆಯಲ್ಲಿ ಗೆದ್ದ ಕೋವಿ, ಮದ್ದಿಗೆ ತೇವ ಹಿಡಿಯದ ಹೊಸ ತೋಟಾ, ಬೀಗದ ಕಪಾಟು, ವರ್ಷಕ್ಕೆ ಕೆಲವು ಸಲವಾದರೂ ಗುರಿ ಹೊಡೆದು ಪಳಗಿದ ಹೆಗಲು: ಇಷ್ಟಿದ್ದರೆ ಆ ಒಂಟಿಮನೆಯ ಇಬ್ಬರು ಹಿರಿಯರಿಗೆ ಅದು ಆಸರೆಯೇ. ಪಳಗಿಸಲು ಕೊಡಗಿನಲ್ಲಿ ತಾಣವೂ ಉಂಟು. ಕೈಲ್‌ಪೊಳ್ದ್ ಸಂದರ್ಭದಲ್ಲಿ ಊರೂರಿನಲ್ಲಿ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಹೆಂಗಸರೂ ಸೆರಗು ಬಿಗಿದು ಕೋವಿ ಎತ್ತುತ್ತಾರೆ. ಕಾಯಿ ಒಡೆದು ನೀರು ಚಿಮ್ಮಿದಾಗ ಗಂಡಸರ ಚಪ್ಪಾಳೆಗೆ ಸ್ವಲ್ಪ ಸಂಕೋಚ ಸೇರಿರುತ್ತದೆ.

ಆ ಸಂಜೆ ಜಗಲಿಯ ಚಾಪೆ ಮಡಿಸುವ ಹೊತ್ತಿಗೆ ನಳಿಗೆಯ ಬಾಯಿಯ ತೋಕ್‌ಪೂ ಬಾಡಿರುತ್ತದೆ. ಹಿರಿಯರು ಅದನ್ನು ತೆಗೆದು, ಕೋವಿಯನ್ನು ಮುರಿದು, ಎರಡು ನಳಿಗೆಗಳೊಳಗಿಂದಲೂ ದೀಪದತ್ತ ಒಮ್ಮೆ ಕಣ್ಣು ಹಾಯಿಸುತ್ತಾರೆ. ದಳದ ಚೂರೊಂದು ಒಳಗೆ ಉಳಿದಿದೆ. ಮಗ ಕೇಳುವ ಮೊದಲೇ ಗಜವನ್ನು ಅವನ ಕೈಗೆ ಕೊಡುತ್ತಾರೆ.